ಸಿಡಿಯದ ಯಂತ್ರ

"ಇದು ಓಡಿದ ದಿನ ಅಕ್ಕನ ಮನೆಗೆ ಹೋಗ್ತೀನಿ."

ಗಂಡ ಈ ಮಾತು ಹೇಳಿದಾಗ ಟೈಲರಮ್ಮನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೇ ನಿಂತುಬಿಟ್ಟಿತು. ಮೂರು ವರ್ಷದಲ್ಲಿ ಅವನ ಬಾಯಿಂದ 'ಅಕ್ಕ' ಎಂಬ ಶಬ್ದ ಬಂದದ್ದು ಅದೇ ಮೊದಲು. ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಆಡಿದ ಮಾತನ್ನು ಎಲ್ಲಿ ವಾಪಸು ನುಂಗಿಬಿಡುತ್ತಾನೋ ಎಂಬ ಭಯ. "ಹೂಂ, ಹೋಗಿ" ಎಂದಷ್ಟೇ ಹೇಳಿ ಯಾರದೋ ಅಂಗಿಯ ಕಾಲರ್ ಹೊಲಿಯತೊಡಗಿದಳು. ಹೊಲಿಗೆ ಸೊಟ್ಟಗಾಯಿತು. ಆಗಲಿ ಬಿಡಿ, ಅಂಥ ಮಾತು ಕಿವಿಗೆ ಬಿದ್ದ ಮೇಲೆ ಒಂದು ಕಾಲರ್ ಬಿಚ್ಚಿ ಹೊಲಿದರೆ ಗಂಟೇನೂ ಹೋಗುವುದಿಲ್ಲ.

ಆ ಗಂಡನಿಗೆ ಕಾರ್ಖಾನೆಯಲ್ಲಿ ಬಿದ್ದಿದ್ದ ಹೆಸರು ಬಿಗಿಯಪ್ಪ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಅಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ನಟ್ಟು ಕಂಡರೆ ಸಾಕು, ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಬಿಗಿಯದೆ ಮುಂದಕ್ಕೆ ಹೋಗುವ ಆಸಾಮಿಯಲ್ಲ. ಹೆಸರಿಟ್ಟವರು ಅವನ ಅಕ್ಕನ ಗಂಡ, ಅದೇ ಬಾಯ್ಲರ್‌ನ ಹಿರಿಯ ಕೆಲಸಗಾರ. ಇವನು 'ಭಾವ, ಭಾವ' ಎನ್ನುತ್ತ ಬೆನ್ನು ಹತ್ತಿ ತಿರುಗುತ್ತಿದ್ದುದರಿಂದ ಅವರು ಕಾರ್ಖಾನೆಗೆಲ್ಲ ಭಾವನೇ ಆಗಿಬಿಟ್ಟಿದ್ದರು. ಗೇಟಿನವನಿಗೂ ಭಾವ, ಮ್ಯಾನೇಜರಿಗೂ ಭಾವ. ಲೆಕ್ಕದಂತೆ ಟೈಲರಮ್ಮನಿಗೆ ಅವರು ಅಣ್ಣನಾಗಬೇಕು, ಆದರೆ ಅವಳ ಬಾಯಲ್ಲೂ ಭಾವ ಎಂದೇ ಬರುತ್ತಿತ್ತು. "ಇಷ್ಟೊಂದು ಜನ ಭಾವಮೈದುನರನ್ನ ಕಟ್ಕೊಂಡು ನಾನು ಬದುಕೋದು ಹೇಗಮ್ಮ?" ಎಂದು ಅವರೇ ನಗುತ್ತಿದ್ದರು.

ಬದುಕಲಿಲ್ಲ. ಒಂದು ಮಧ್ಯಾಹ್ನ ಬಾಯ್ಲರ್ ಸಿಡಿಯಿತು. ಹೊರಗಿನ ಕಣ್ಣಿಗೆ ಕಾಣದ ಹಾಗೆ ಒಳಗಿನ ತಗಡು ತುಕ್ಕು ತಿಂದು ತೆಳ್ಳಗಾಗಿತ್ತು, ನೋಡಿಕೊಳ್ಳುವವರ ತಪ್ಪು ಏನೂ ಇಲ್ಲ ಎಂದು ಪರೀಕ್ಷೆಗೆ ಬಂದವರು ಹೇಳಿ ಹೋದರು. ಬಿಗಿಯಪ್ಪ ಆ ಹೊತ್ತಿನಲ್ಲಿ ಬಾಯ್ಲರ್ ಮನೆಯಲ್ಲಿ ಇರಲಿಲ್ಲ. ಭಾವ ಇದ್ದರು.

ಅಂದಿನಿಂದ ಅವನು ಅಕ್ಕನ ಮುಖ ನೋಡಿಲ್ಲ. ತಾಯಿ ತೀರಿಕೊಂಡ ಮೇಲೆ ತಾಯಿಯಾಗಿ ಸಾಕಿದ ಅಕ್ಕ. ತನ್ನ ಮದುವೆಯಾದ ಮೇಲೂ ಗಂಡನಿಗೆ ಹೇಳಿ ತಮ್ಮನನ್ನು ಕೆಲಸಕ್ಕೆ ಸೇರಿಸಿ, ದಿನಾ ಎರಡು ಡಬ್ಬಿ ಕಟ್ಟಿ ಕಳಿಸಿದವರು. ಭಾವ ಹೋದ ಮೇಲೆ ಆ ಅಕ್ಕನೇ ನಾಲ್ಕಾರು ಸಲ ಇವನನ್ನು ನೋಡಲು ಬಂದರು. ಮುಂಬಾಗಿಲಲ್ಲಿ ಅವರ ಚಪ್ಪಲಿ ಸದ್ದಾದರೆ ಸಾಕು, ಇವನು ಹಿಂಬಾಗಿಲಿಂದ ಪರಾರಿ. ಖಾಲಿ ಕುರ್ಚಿಯ ಜೊತೆ ಎಷ್ಟು ದಿನ ಅಂತ ಮಾತಾಡುತ್ತಾರೆ? ಅವರೂ ಬರುವುದನ್ನು ಬಿಟ್ಟರು. ನಡುವೆ ಸಿಕ್ಕಿಕೊಂಡವಳು ಟೈಲರಮ್ಮ. ಅವನ ಅಕ್ಕ ಅವಳಿಗೆ ಅತ್ತಿಗೆ. ಆ ಮನೆಗೆ ಅವಳೊಬ್ಬಳೇ ಹೋಗಿ ಬರುವುದು, ಬಂದು ಹೇಳಿದ್ದನ್ನು ಇವನು ಗೋಡೆ ನೋಡುತ್ತ ಕೇಳುವುದು.

ಬಾಯ್ಲರ್ ಕೆಲಸ ಬಿಟ್ಟು ಅವನು ಹಣ್ಣು ತರಕಾರಿ ಇಡುವ ಶೀತಲ ಗೋದಾಮಿಗೆ ಕಾವಲಿಗೆ ಸೇರಿದ. ಮನೆಯಲ್ಲಿ ಕುಕ್ಕರ್ ಬಂದ್. ನೀರು ಕಾಯಿಸುವ ಗೀಸರ್ ಬಂದ್. ಸೋಡಾ ಬಾಟಲಿ ಕೂಡ ಹೊಸ್ತಿಲು ದಾಟುವಂತಿಲ್ಲ. ಬೆಂಕಿಗೆ ಹೆದರುವವನಲ್ಲ ಅವನು, ಬಾಯಿ ಮುಚ್ಚಿದ್ದಕ್ಕೆ ಹೆದರುವವನು. ಟೈಲರಮ್ಮ ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸುತ್ತ, "ಇದು ಬೇಯೋ ಹೊತ್ತಿಗೆ ನನ್ನ ಹಲ್ಲೇ ಉದುರಿ ಹೋಗಿರುತ್ತೆ" ಎಂದು ಗೊಣಗುವಳು. ಗೊಣಗಿದಳೇ ಹೊರತು ಕುಕ್ಕರನ್ನು ಅಟ್ಟದಿಂದ ಇಳಿಸಲಿಲ್ಲ.

ಹೀಗಿರುವಾಗ ಗೋದಾಮಿನ ಮೆಕ್ಯಾನಿಕ್ ತನ್ನ ಮೊಬೈಲಿನಲ್ಲಿ ಅವನಿಗೆ ಏನೋ ತೋರಿಸಿದನಂತೆ. ಅಂಗೈ ಅಗಲದ ಒಂದು ಯಂತ್ರ. ಮುಂದೆ ಒಂದು ಸ್ಪಿರಿಟ್ ದೀಪ, ಯಂತ್ರ ಆ ದೀಪದ ಉರಿಯನ್ನೇ ಗುಟುಕು ಗುಟುಕಾಗಿ ಒಳಗೆಳೆದುಕೊಂಡು ಓಡುತ್ತದೆ. ಮನೆಗೆ ಬಂದವನ ಮುಖದಲ್ಲಿ ಎಂದೂ ಇಲ್ಲದ ಕಳೆ.

"ಒಳಗೆ ಒತ್ತಡಾನೇ ಇಲ್ಲ ಕಣೇ" ಎಂದ. "ಪಿಸ್ಟನ್ ಹಿಂದಕ್ಕೆ ಹೋಗ್ತಾ ಉರೀನ ತೂತಿಂದ ಒಳಗೆ ಎಳ್ಕೊಳ್ಳುತ್ತೆ. ವಾಲ್ವ್ ತೂತು ಮುಚ್ಚುತ್ತೆ. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಕುಗ್ಗುತ್ತೆ. ಆಗ ಹೊರಗಿನ ಗಾಳಿ, ಈಗ ನಮ್ಮ ಸುತ್ತ ಇದೆಯಲ್ಲ ಇದೇ ಗಾಳಿ, ಪಿಸ್ಟನ್ನ ಒಳಕ್ಕೆ ತಳ್ಳುತ್ತೆ. ತಳ್ಳೋದೆಲ್ಲ ಹೊರಗಿಂದ. ಸಿಡಿಯೋಕೆ ಒಳಗೆ ಏನಾದ್ರೂ ಇರ್ಬೇಕಲ್ಲ?"

ಅವಳಿಗೆ ಯಂತ್ರ ಅರ್ಧ ಅರ್ಥವಾಯಿತು, ಗಂಡ ಪೂರ್ತಿ ಅರ್ಥವಾದ. ಅವಳ ಕತ್ತರಿ ಮೇಜಿನ ಒಂದು ಮೂಲೆ ಅಂದಿನಿಂದ ಅವನದಾಯಿತು. ಬಟ್ಟೆಗೆ ಕಿಡಿ ಹಾರದ ಹಾಗೆ ಅಲ್ಲೊಂದು ಕಲ್ಲಿನ ಹಲಗೆ ಹಾಕಿಸಿದಳು. ಗುಜರಿ ಅಂಗಡಿಯಿಂದ ದಪ್ಪ ಕಬ್ಬಿಣದ ಕೊಳವೆಯ ತುಂಡು ಬಂತು, ಯಾವುದೋ ಹಳೇ ಟೇಪ್ ರೆಕಾರ್ಡರ್‌ನ ಹಿತ್ತಾಳೆ ಚಕ್ರ ಬಂತು. ಲೇತಿನವನು ಕೊಳವೆಯ ಒಳಮೈ ನುಣುಪು ಮಾಡಿ, ಅದಕ್ಕೆ ಸರಿಯಾಗಿ ಪಿಸ್ಟನ್ ಕಡೆದುಕೊಟ್ಟ. ವಾಲ್ವಿಗೆ ತೆಳು ಉಕ್ಕಿನ ಪಟ್ಟಿ. ದೀಪಕ್ಕೆ ಶಾಯಿ ಬಾಟಲಿ, ಅದರ ಮುಚ್ಚಳದಲ್ಲಿ ಹತ್ತಿಯ ಬತ್ತಿ. ಅವನು ಅರದಿಂದ ಉಜ್ಜುತ್ತ, ಅವಳು ಹೊಲಿಯುತ್ತ, ಒಂದೇ ಮೇಜಿನ ಎರಡು ತುದಿಯಲ್ಲಿ ರಜೆಯ ಮಧ್ಯಾಹ್ನಗಳು ಕಳೆದವು. ಅವನು ಒಂದು ದಿನ ಸಿಳ್ಳೆ ಕೂಡ ಹಾಕಿದ. ಟೈಲರಮ್ಮ ಆ ದಿನ ಅಡುಗೆಮನೆಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡು ಬಂದಳು.

ಆದರೆ ಯಂತ್ರ ಓಡಲಿಲ್ಲ.

ಪಿಸ್ಟನ್ನಿಗೆ ಎಣ್ಣೆ ಬಳಿಯುವುದು, ದೀಪ ಹಚ್ಚುವುದು, ಕೊಳವೆ ಬಿಸಿಯಾಗುವ ತನಕ ಕಾಯುವುದು, ಬೆರಳಿಂದ ಚಕ್ರ ತಿರುವುವುದು. ಉರಿ ಒಮ್ಮೆ ತೂತಿನ ಕಡೆ ಬಾಗಿ ಒಳಗೆ ನಾಲಿಗೆ ಹಾಕುವುದು. ಚಕ್ರ ಅರ್ಧ ಸುತ್ತು ಹೋಗಿ ನಿಲ್ಲುವುದು. "ಎಲ್ಲೋ ಸೋರ್ತಾ ಇದೆ" ಎಂದು ಬಿಗಿಯಪ್ಪ ಬಿಚ್ಚಿದ. ಪಿಸ್ಟನ್ನಿನ ಸುತ್ತ ಗೀರು ಕೊರೆದು, ಎಣ್ಣೆ ಬಳಿದ ದಾರ ಸುತ್ತಿ, ಬಾಯ್ಲರ್ ಪಂಪಿಗೆ ಮಾಡುತ್ತಿದ್ದ ಹಾಗೇ ಬಿಗಿ ಮಾಡಿದ. ಈಗ ಅರ್ಧ ಸುತ್ತು ಕೂಡ ಇಲ್ಲ. ಇನ್ನೂ ಸೋರ್ತಿದೆ ಎಂದು ಇನ್ನೊಂದು ಸುತ್ತು ದಾರ, ಇನ್ನೊಂದು ಹನಿ ಎಣ್ಣೆ. "ಏನೂ ಬಳೀಬೇಡಿ, ಸುತ್ತಬೇಡಿ, ಹಾಗೇ ಬಿಡಿ" ಎಂದು ಲೇತಿನವನು ಹೇಳಿದ್ದನಂತೆ. ಹೇಳಿದವರ ಮಾತು ಕೇಳುವ ಹಾಗಿದ್ದರೆ ಅವನಿಗೆ ಆ ಹೆಸರು ಯಾಕೆ ಬೀಳುತ್ತಿತ್ತು?

ಅಷ್ಟರಲ್ಲಿ ಅತ್ತಿಗೆಯ ಕಡೆಯಿಂದ ಸುದ್ದಿ ಬಂತು. ಮಗಳು ಬಸುರಿ, ದೂರದ ಊರು, ತಾಯಿ ತನ್ನ ಜೊತೆಗೇ ಬಂದಿರಲಿ ಅಂತಾಳೆ. ಇಲ್ಲಿನ ಮನೆ ಖಾಲಿ ಮಾಡುವುದು ಖಾತ್ರಿ.

"ಹೋಗಿ ಬನ್ರೀ" ಎಂದಳು ಟೈಲರಮ್ಮ. "ಒಂದು ಸಲ ಮುಖ ತೋರಿಸಿ ಬನ್ನಿ."

"ಓಡ್ಲಿ. ಓಡಿದ ದಿನ ಹೋಗ್ತೀನಿ ಅಂದಿದೀನಲ್ಲ."

ಅಲ್ಲಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಓಡದೇ ಇದ್ರೆ? ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅಂದಹಾಗೆ, ಅವರು ಊರು ಬಿಡ್ತಾ ಇದಾರೆ, ನಿಮಗೆ ದಾರ ಎಣ್ಣೆ! ಹೆತ್ತಮ್ಮನ ಥರ ಸಾಕಿದೋರು ಕಣ್ರೀ. ಏನು ಅಂಥ ಪಾಪ ಮಾಡಿದಾರೆ ಅವರು ನಿಮಗೆ?"

ಅವನು ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸುತ್ತ, ಅದಕ್ಕೇ ಹೇಳುವವನ ಹಾಗೆ ಹೇಳಿದ. "ಆಸ್ಪತ್ರೆ ಬಾಗಿಲಲ್ಲಿ ಅಕ್ಕ ಓಡಿ ಬಂದ್ಲು. ನನ್ನ ನೋಡಿದ್ದೇ ತೋಳು ಹಿಡ್ಕೊಂಡು ಒಂದೇ ಮಾತು ಕೇಳಿದ್ಲು. 'ಎಲ್ಲಿದ್ಯೋ ನೀನು?' ಅಂತ. ನಾನೆಲ್ಲಿದ್ದೆ? ಅವರು ಒಳಗಿದ್ರು, ನಾನು ಹೊರಗಿದ್ದೆ. ಏನಂತ ಹೇಳ್ಲಿ? ಸಾಕಿದೋಳಿಗೆ ಈ ಮುಖ ಹೇಗೆ ತೋರಿಸ್ಲಿ?"

ಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಈ ಮಾತು ಗೊತ್ತಿರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾರನೆಯ ದಿನ ಹೊಲಿಗೆಗೆ ಬಂದವರನ್ನು ನಾಳೆ ಬನ್ನಿ ಎಂದು ಸಾಗಹಾಕಿ ನೆಟ್ಟಗೆ ಅತ್ತಿಗೆಯ ಮನೆಗೆ ನಡೆದಳು.

ಅತ್ತಿಗೆ ಪಾತ್ರೆಗಳಿಗೆ ಹಳೇ ಸೀರೆ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ಟೈಲರಮ್ಮ ಸುತ್ತು ಬಳಸಲಿಲ್ಲ. ಗಂಡ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು.

"ನಾನು ಹಾಗಂದೆನಾ?" ಎಂದರು ಅತ್ತಿಗೆ. ಅವರಿಗೆ ನೆನಪೇ ಇಲ್ಲ! ಒಂದು ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ನೆನಪು ಕೆದಕಿದರು. ನಿಧಾನಕ್ಕೆ ಮುಖ ಕೆಂಪಾಯಿತು. "ಬಾಯ್ಲರ್ ಮನೇಲಿ ಇದ್ದೋರು ಯಾರೂ ಉಳಿದಿಲ್ಲ ಅಂತ ಗೇಟಿನವನು ಬಂದು ಹೇಳಿದ. ಇಬ್ಬರೂ ಹೋದ್ರು ಅಂತಾನೇ ನಾನು ಓಡಿ ಹೋದದ್ದು. ಬಾಗಿಲಲ್ಲಿ ಇವನು ನಿಂತಿದಾನೆ, ಜೀವ ಇದೆ! ಎಲ್ಲಿದ್ಯೋ ಅಂತ ಕೇಳದೆ ಇನ್ನೇನು ಕೇಳ್ಲಿ? ಜನಜಂಗುಳೀಲಿ ಕಳೆದುಹೋದ ಮಗು ಸಿಕ್ರೆ ಏನು ಕೇಳ್ತಾರೆ?" ತಪ್ಪಲೆಯನ್ನು ನೆಲಕ್ಕೆ ಕುಕ್ಕಿದರು. "ಅಯ್ಯೋ ಮಂಕುಮುಂಡೇದೇ! ಅಷ್ಟಕ್ಕೆ ಮೂರು ವರ್ಷಾನಾ? ನಡಿಯೇ, ಇವತ್ತು ಅವನ ಕಿವಿ ಹಿಂಡ್ತೀನಿ."

"ಹಿಂಬಾಗಿಲಿಂದ ಓಡಿ ಹೋಗ್ತಾರೆ ಅತ್ತಿಗೆ."

ಇಬ್ಬರೂ ಯೋಚಿಸಿದರು. ಉಪಾಯ ಹೊಳೆದದ್ದು ಟೈಲರಮ್ಮನಿಗೆ. ಬಾಯ್ಲರ್‌ನವರಲ್ಲಿ ಒಂದು ಕಟ್ಟುನಿಟ್ಟು ಇದೆ: ಉರಿಯುವ ಬೆಂಕಿ ಬಿಟ್ಟು ಕದಲುವ ಹಾಗಿಲ್ಲ. ಇಬ್ಬರಿದ್ದರೆ ಒಬ್ಬರು ನಿಲ್ಲಲೇಬೇಕು. ಕೆಲಸ ಬಿಟ್ಟರೂ ಅವನಿಗೆ ಆ ಅಭ್ಯಾಸ ಬಿಟ್ಟಿರಲಿಲ್ಲ. ಒಲೆ ಹಚ್ಚಿದ್ದರೆ ಅವಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಯಂತ್ರದ ದೀಪ ಹಚ್ಚಿದ ಮೇಲೆ ಹೋಗಬೇಕು, ಅಷ್ಟೇ.

ಸಂಜೆ ಅವನು ಗೋದಾಮಿಂದ ಬಂದು ಮೇಜಿಗೆ ಕೂರುವ ಹೊತ್ತಿಗೆ ಇಬ್ಬರೂ ಕಿಟಕಿಯ ಹೊರಗೆ ಕಳ್ಳಿಯರ ಹಾಗೆ ಗೋಡೆಗೆ ಅಂಟಿ ನಿಂತಿದ್ದರು. ಕಡ್ಡಿ ಗೀರಿದ ಸದ್ದಾಯಿತು, ಸ್ಪಿರಿಟಿನ ವಾಸನೆ ಬಂತು. ಟೈಲರಮ್ಮ ಅತ್ತಿಗೆಯ ಮೊಣಕೈ ತಿವಿದಳು.

ಬಾಗಿಲಲ್ಲಿ ಅಕ್ಕನನ್ನು ಕಂಡದ್ದೇ ಬಿಗಿಯಪ್ಪ ಎದ್ದು ನಿಂತ. ಕಣ್ಣು ಹಿಂಬಾಗಿಲಿನ ಕಡೆ ಹೋಯಿತು, ಕೈ ದೀಪ ಆರಿಸಲು ಹೋಯಿತು.

"ಆರಿಸ್ಬೇಡ" ಎಂದರು ಅತ್ತಿಗೆ. "ಹಚ್ಚಿದ ಬೆಂಕಿ ಮುಂದೆ ಕೂತ್ಕೊ. ನಿಮ್ಮ ಭಾವ ಅಷ್ಟೂ ಕಲಿಸ್ಲಿಲ್ವಾ ನಿನಗೆ?"

ಅವನು ಕೂತ. ಅತ್ತಿಗೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಬಯ್ಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ, ತಮ್ಮನ ತಲೆಯನ್ನೇ ನೋಡುತ್ತ ಕೂತರು. ಅಷ್ಟು ಬೆಳ್ಳಗಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಏನೋ ಇದು?"

ಅವನು ಯಂತ್ರವನ್ನೇ ನೋಡುತ್ತ ಹೇಳಿದ. ಉರಿ, ತೂತು, ವಾಲ್ವ್, ಹೊರಗಿನ ಗಾಳಿ. "ಇದು ಸಿಡಿಯಲ್ಲ ಅಕ್ಕ" ಎಂದು ಎರಡು ಸಲ ಹೇಳಿದ. "ಆದ್ರೆ ಓಡ್ತಾ ಇಲ್ಲ. ಎಲ್ಲೋ ಸೋರ್ತಿದೆ."

ಅತ್ತಿಗೆ ಬೆರಳಿಂದ ಚಕ್ರ ತಿರುವಿ ನೋಡಿದರು. ಅದು ಮಿಸುಕಲಿಲ್ಲ. ಜೋರಾಗಿ ತಿರುವಿದರು, ಕೀರ್ ಎಂದು ಕಾಲು ಸುತ್ತು ಹೋಗಿ ನಿಂತಿತು. ಅವರ ಬಾಯಂಚಿನಲ್ಲಿ ಏನೋ ಅದುರಿತು. "ಅವರು ಮನೆಗೆ ಬಂದು ಹೇಳ್ತಿದ್ರು ಕಣೋ. 'ನಿನ್ನ ತಮ್ಮ ಒಂದು ನಟ್ಟು ಬಿಗಿದ್ರೆ ಬಿಚ್ಚೋಕೆ ನಾನು ಇನ್ನೊಂದು ಜನ್ಮ ಎತ್ತಿ ಬರ್ಬೇಕು' ಅಂತ. ಅವರಂತೂ ಬರಲ್ಲ. ನೀನೇ ಬಿಚ್ಚು."

ಗಂಡ ಸಿಟ್ಟಾಗುತ್ತಾನೋ ಅಳುತ್ತಾನೋ ಟೈಲರಮ್ಮನಿಗೆ ತಿಳಿಯದು. ಅವನು ಎರಡೂ ಮಾಡಲಿಲ್ಲ. ದೀಪಕ್ಕೆ ಮುಚ್ಚಳ ಹಾಕಿ, ಕೊಳವೆ ಆರುವ ತನಕ ಕಾದು, ಪಿಸ್ಟನ್ನನ್ನು ಹೊರಗೆಳೆದ. ಸುತ್ತಿದ ದಾರವನ್ನೆಲ್ಲ ಬಿಚ್ಚಿದ, ಎಷ್ಟೊಂದು ದಾರ! ಎಣ್ಣೆಯನ್ನು ಸ್ಪಿರಿಟ್ ಹಾಕಿ ಬಟ್ಟೆಯಿಂದ ಒರೆಸಿದ, ಕೊಳವೆಯ ಒಳಗೂ ಒರೆಸಿದ. ಬರಿ ಪಿಸ್ಟನ್ನನ್ನು ಕೊಳವೆಗಿಟ್ಟು ನೆಟ್ಟಗೆ ಹಿಡಿದ. ಅದು ತನ್ನ ಭಾರಕ್ಕೆ ತಾನೇ ಸದ್ದಿಲ್ಲದೆ ಜಾರಿತು. ಕೆಳಗಿನ ಬಾಯಿಗೆ ಅಂಗೈ ಒತ್ತಿದ, ಅರ್ಧದಲ್ಲೇ ನಿಂತಿತು. ಅಂಗೈ ತೆಗೆದ, ಮತ್ತೆ ಜಾರಿತು.

"ಸೋರ್ತಾನೇ ಇರ್ಲಿಲ್ಲ" ಎಂದ. "ಮೊದಲ ದಿನಾನೂ ಸೋರ್ತಿರ್ಲಿಲ್ಲ. ನಾನೇ ಎಣ್ಣೆ, ದಾರ ಹಾಕಿ ಉಸಿರು ಕಟ್ಟಿಸ್ಬಿಟ್ಟಿದ್ದೆ."

ಮತ್ತೆ ಜೋಡಿಸಿ, ದೀಪ ಹಚ್ಚಿ, ಕೊಳವೆ ಬಿಸಿಯಾಗಲು ಬಿಟ್ಟ. ಚಕ್ರ ತಿರುವಿದ. ಉರಿ ಬಾಗಿತು, ಒಳಗೆ ಹೋಯಿತು. ಟಪ್. ಚಕ್ರ ಸುತ್ತು ಮುಗಿಸಿ ಮುಂದಕ್ಕೆ ಹೋಯಿತು. ಟಪ್. ಟಪ್. ಟಪ್ ಟಪ್ ಟಪ್. ಮೊದಲ ಸದ್ದಿಗೆ ಬಿಗಿಯಪ್ಪ ಬೆಚ್ಚಿ ಎರಡೂ ಕೈ ಅಡ್ಡ ಚಾಚಿ ಅಕ್ಕನನ್ನು ಹಿಂದಕ್ಕೆ ತಳ್ಳಿದ. ಅವರು ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. ಹಿತ್ತಾಳೆಯ ಚಕ್ರ ಮಂಜು ಮಂಜಾಗಿ ತಿರುಗುತ್ತಿತ್ತು. ಉರಿ ಪ್ರತಿ ಸುತ್ತಿಗೂ ಒಳಗೆ ಹೋಗಿ ಬರುತ್ತಿತ್ತು. ಮೂವರೂ ಅದನ್ನೇ ನೋಡಿದರು.

"ಓಡ್ತಲ್ಲ" ಎಂದಳು ಟೈಲರಮ್ಮ. "ಅಕ್ಕನ ಮನೆಗೆ ಹೊರಡಿ ಮತ್ತೆ." ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಸ್ವಲ್ಪ ಹೊತ್ತು ಓಡಿ, ಕೊಳವೆ ಕಾದು ಕೆಂಡದಂತಾದ ಮೇಲೆ ಯಂತ್ರ ನಿಧಾನವಾಗಿ ನಿಂತಿತು. ಒಳಗಿನ ಗಾಳಿ ತಣ್ಣಗಾಗಲು ಜಾಗವೇ ಇಲ್ಲವಲ್ಲ, ಅದು ಆರಬೇಕು. ಬಿಗಿಯಪ್ಪ ದೀಪ ಮುಚ್ಚಿದ. ಇನ್ನು ಹಿಡಿದಿಡಲು ಬೆಂಕಿ ಇರಲಿಲ್ಲ. ಆದರೂ ಏಳಲಿಲ್ಲ.

"ಆವತ್ತು ಎಲ್ಲಿದ್ಯೋ ಅಂದೆನಂತೆ" ಎಂದರು ಅತ್ತಿಗೆ. "ಬಯ್ಯೋಕೆ ಕೇಳಿದ್ದಲ್ಲ ಕಣೋ. ಇಬ್ಬರೂ ಹೋದ್ರು ಅಂದ್ಕೊಂಡಿದ್ದೆ. ನೀನೊಬ್ಬ ಸಿಕ್ಕಿದೆ ಅಂತ ಕೇಳಿದ್ದು. ಆಮೇಲೆ ನೀನೂ ಸಿಗ್ಲಿಲ್ಲ."

ಅವನ ಮುಖ ನೋಡಲಾಗುತ್ತಿರಲಿಲ್ಲ. ಗಂಡಸು ಅಷ್ಟು ಜೋರಾಗಿ ಅತ್ತದ್ದನ್ನು ಟೈಲರಮ್ಮ ಎಂದೂ ಕೇಳಿರಲಿಲ್ಲ. ಹೋಗಿ ಮುಂಬಾಗಿಲು ಹಾಕಿ ಬಂದಳು, ಬೀದಿಗೆ ಯಾಕೆ ಕೇಳಬೇಕು.

ಅತ್ತಿಗೆ ಅವನು ಸುಧಾರಿಸಿಕೊಳ್ಳುವ ತನಕ ಕಾದರು. "ಈಗ ಒಂದು ಮಾತು ಕೇಳ್ತೀನಿ. ನಿನ್ನ ಬಿಟ್ರೆ ಹೇಳೋರು ಯಾರೂ ಇಲ್ಲ. ನಾಲ್ಕಾರು ಸಲ ಬಂದದ್ದೂ ಇದನ್ನ ಕೇಳೋಕೇ. ಆವತ್ತು ಅವರು ಊಟ ಮಾಡಿದ್ರಾ?"

ಬಿಗಿಯಪ್ಪ ತಲೆ ಎತ್ತಿದ.

"ತಟ್ಟೆ ಮುಂದೆ ಕೂತಾಗೆಲ್ಲ ಅದೇ ಯೋಚನೆ ಕಣೋ. ಹಸ್ಕೊಂಡೇ ಹೋದ್ರೇನೋ ಅಂತ. ತುತ್ತು ಗಂಟಲಲ್ಲೇ ನಿಲ್ಲುತ್ತೆ. ಮಗಳಿಗೂ ಹೇಳಿಲ್ಲ."

"ಮಾಡಿದ್ರು ಅಕ್ಕ" ಎಂದ. ಮೊದಲ ಸಲ ಅಕ್ಕನ ಕಣ್ಣಿಗೆ ಕಣ್ಣಿಟ್ಟ. "ಬಾಯ್ಲರ್ ನೀರಿನ ಗಡಸು ತೆಗೆಯೋ ಉಪ್ಪು ಮುಗಿದಿತ್ತು, ಒಬ್ಬರು ಸ್ಟೋರಿಗೆ ಹೋಗ್ಬೇಕಿತ್ತು. ನಾನು ನಿಲ್ತೀನಿ ನೀವು ಹೋಗಿ ಭಾವ ಅಂದೆ. 'ನಾನು ಹೋಗಲ್ಲ, ನನಗೆ ಹಸಿವು, ನೀನು ಹೋಗು' ಅಂದ್ರು. 'ಬೇಗ ಬಂದ್ರೆ ಸರಿ, ತಡ ಮಾಡಿದ್ರೆ ನಿಮ್ಮಕ್ಕ ಕಟ್ಟಿದ ನಿನ್ನ ಡಬ್ಬೀನೂ ನಾನೇ ಖಾಲಿ ಮಾಡ್ತೀನಿ' ಅಂದ್ರು. ಸ್ಟೋರಿನವನು ಊಟಕ್ಕೆ ಹೋಗಿದ್ದ. ಅವನಿಗೆ ಕಾಯ್ತಾ ನಿಂತೆ. ಅಲ್ಲಿದ್ದೆ ಅಕ್ಕ ನಾನು. ಅಲ್ಲಿ ನಿಂತಾಗಲೇ ಸದ್ದು ಕೇಳಿದ್ದು."

"ಡಬ್ಬಿ?"

"ಬಾಗಿಲ ಹೊರಗೇ, ಗೋಡೆ ಮರೇಲಿ ನಲ್ಲಿ ಕಟ್ಟೆ ಮೇಲಿತ್ತು. ತೊಳೆದು ಬೋರಲು ಹಾಕಿದ್ರು."

"ಎರಡೂ?"

"ಎರಡೂ."

ಅತ್ತಿಗೆಯ ಗಂಟಲಿಂದ ಒಂದು ನಗು ಹೊರಟು ಅರ್ಧದಲ್ಲೇ ಒಡೆದುಹೋಯಿತು. "ನಿನ್ನದನ್ನೂ ತಿಂದ್ರಾ? ತಿಂದು ತೊಳೆದಿಟ್ರಾ?" ಎನ್ನುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಣ್ಣೀರು ಧಾರೆಯಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ. ಟೈಲರಮ್ಮ ಬಂದು ಅವರ ಹಿಂದೆ ನಿಂತು ಹೆಗಲು ಹಿಡಿದಳು.

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತೇನೋ ನಿನಗೆ!" ಎಂದು ಅತ್ತಿಗೆ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿದರು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.